ಹಗೇವಿನ ಬಾಯಿ ತೆರೆಯೋಣ

(ಪಾಸ್ಖ ಹಬ್ಬದ ಪ್ರಬೋಧನೆ)



ಆಳಂದ, ಅಫಜಲಪುರ, ಜೇವರ್ಗಿ, ಈ ಮೂರೂ ತಾಲೂಕುಗಳ ಹಳ್ಳಿಗಳಿಂದ ಬೆಳಗಿನ ಬಸ್ಸು ಹಿಡಿದು, ಟಂಟಂ ಮಾಡಿಕೊಂಡು, ಮಕ್ಕಳಿಗೆ ಹೊಸ ಬಟ್ಟೆ ತೊಡಿಸಿಕೊಂಡು ಬಂದಿದ್ದೀರಿ. ನಿನ್ನೆ ರಾತ್ರಿಯ ಜಾಗರಣೆಯಲ್ಲಿ ಹೊಸ ಬೆಂಕಿಯಿಂದ ಹಚ್ಚಿದ ಪಾಸ್ಖ ದೀಪ ಇಗೋ ಇಲ್ಲಿ ಉರಿಯುತ್ತಿದೆ. ಇಂಥ ಸಂತೋಷದ ದಿನ, ಹಬ್ಬಕ್ಕೆ ಹೊಂದದ ಒಂದು ಮಾತನ್ನು ನಾನು ಎತ್ತಿಕೊಳ್ಳುತ್ತಿದ್ದೇನೆ. ಆ ಮಾತು ‘ಹಗೆ’. ಹಬ್ಬದ ದಿನ ಫಾದರ್ ಇದನ್ನೇಕೆ ತೆಗೆದರು ಎಂದು ಬೇಸರ ಮಾಡಿಕೊಳ್ಳಬೇಡಿ. ಕೊನೆಯವರೆಗೂ ಕೇಳಿ.

ತಪಸ್ಸುಕಾಲದಲ್ಲಿ ನಾನು ಮನೆ ಮನೆಗೆ ಭೇಟಿ ಕೊಟ್ಟೆ. ಆಳಂದದ ಕಡೆಯ ಒಂದು ಮನೆಯಲ್ಲಿ ಯುವಕನೊಬ್ಬ ಪಕ್ಕದ ಮನೆಯತ್ತ ಕೈ ತೋರಿಸಿ, “ಅಂವಾ ನಮ್ಮ ದುಷ್ಮನ್ ಅದಾನ್ರಿ ಫಾದರ್” ಎಂದ. ಪಕ್ಕದ ಮನೆಯವನು ಅವನ ಕಾಕಾನ ಮಗ! ಜೇವರ್ಗಿಯ ಕಡೆ ಒಬ್ಬರು ಪೆಟ್ಟಿಗೆಯಿಂದ ಕೋರ್ಟಿನ ಕಾಗದ ತೆಗೆದು ನನ್ನ ಮುಂದಿಟ್ಟರು. ಅದರಲ್ಲಿ ‘ಹಳೇ ದ್ವೇಷದಿಂದ’ ಎಂದು ಬರೆದಿತ್ತು. ಅಫಜಲಪುರದ ಕಡೆ ಒಬ್ಬ ಅಜ್ಜಿ, “ನಮ್ಮ ಎರಡೂ ಮನಿಗಿ ಹಗಿ ಅದರಿ. ನಮ್ಮ ಮಾವನ ಕಾಲದಿಂದ ಅದ. ಯಾಕ ಅಂತ ಈಗ ಯಾರಿಗೂ ನೆನಪಿಲ್ಲ” ಎಂದರು. ಮೂರು ತಾಲೂಕು, ಮೂರು ಮಾತು, ರೋಗ ಒಂದೇ. ಆ ಅಜ್ಜಿಯ ಮಾತನ್ನು ಕೇಳಿ ನನಗೆ ಅಂದು ರಾತ್ರಿ ನಿದ್ದೆ ಬರಲಿಲ್ಲ. ಕಾರಣವನ್ನು ಮುಂದೆ ಹೇಳುತ್ತೇನೆ.

ಮೊದಲು ಈ ಮಾತುಗಳ ಅರ್ಥವನ್ನು ನೋಡೋಣ. ರೋಗಕ್ಕೆ ಮದ್ದು ಕೊಡುವ ಮೊದಲು ಅದರ ಬೇರು ತಿಳಿಯಬೇಕಲ್ಲವೇ?

‘ಹಗೆ’ ಅಚ್ಚ ಕನ್ನಡದ ಮಾತು. ಹಳಗನ್ನಡದಲ್ಲಿ ಇದು ‘ಪಗೆ’ ಎಂದಿತ್ತು. ನಮ್ಮ ಜಿಲ್ಲೆಯ ಮಳಖೇಡದಲ್ಲಿ ರಾಷ್ಟ್ರಕೂಟರು ಆಳುತ್ತಿದ್ದ ಕಾಲದ ಕನ್ನಡ ಅದು. ಆ ಕಾಲದ ‘ಪೂ’ ಇಂದು ‘ಹೂ’ ಆಗಿದೆ, ‘ಪಾಲ್’ ಇಂದು ‘ಹಾಲು’ ಆಗಿದೆ. ಹಾಗೆಯೇ ‘ಪಗೆ’ ‘ಹಗೆ’ಯಾಯಿತು. ತಮಿಳರು ‘ಪಗೈ’ ಎನ್ನುತ್ತಾರೆ, ತೆಲುಗರು ‘ಪಗ’ ಎನ್ನುತ್ತಾರೆ, ಮಲಯಾಳಿಗಳೂ ‘ಪಗ’ ಎನ್ನುತ್ತಾರೆ. ಅಂದರೆ ಈ ಅಕ್ಕತಂಗಿ ಭಾಷೆಗಳು ಬೇರೆಯಾಗುವ ಮೊದಲೇ ಈ ಮಾತು ಹುಟ್ಟಿತ್ತು. ಒಡೆಯುವುದು, ಸೀಳುವುದು, ಪಾಲಾಗುವುದು ಎಂಬ ಅರ್ಥದ ‘ಪಗು’ ಎಂಬ ಧಾತುವಿನ ಬಳಗದಲ್ಲಿ ಭಾಷಾಪಂಡಿತರು ಇದನ್ನು ಸೇರಿಸುತ್ತಾರೆ. ಎಷ್ಟು ನಿಜ! ಒಂದಾಗಿದ್ದದ್ದು ಒಡೆದಾಗಲೇ ಹಗೆ ಹುಟ್ಟುವುದು. ಗುರುತು ಪರಿಚಯವಿಲ್ಲದವರ ಮೇಲೆ ನಮಗೆ ಹಗೆ ಬೆಳೆಯುವುದು ಕಡಿಮೆ. ಒಂದೇ ತಟ್ಟೆಯಲ್ಲಿ ಉಂಡವರು, ಒಂದೇ ಹೊಲ ಬಿತ್ತಿದವರು, ಅವರ ನಡುವೆಯೇ ಅದು ಬೆಳೆಯುತ್ತದೆ.

‘ದ್ವೇಷ’ ಸಂಸ್ಕೃತದ ಮಾತು. ‘ದ್ವಿಷ್’ ಎಂಬ ಧಾತುವಿನಿಂದ ಬಂದದ್ದು. ಗ್ರೀಕ್ ಭಾಷೆಯಲ್ಲಿ ಹೆದರಿಕೆಯನ್ನು ಹೇಳುವ ಒಂದು ಪದಕ್ಕೂ ಈ ಧಾತುವಿಗೂ ದೂರದ ನೆಂಟಸ್ತಿಕೆಯನ್ನು ಕೆಲವು ವಿದ್ವಾಂಸರು ಕಂಡಿದ್ದಾರೆ. ನಾವು ಯಾರನ್ನು ದ್ವೇಷಿಸುತ್ತೇವೆಯೋ ಅವರ ಬಗ್ಗೆ ಒಳಗೊಳಗೇ ನಮಗೆ ಅಂಜಿಕೆ ಇರುವುದನ್ನು ನೀವೂ ಕಂಡಿರಬಹುದು. ಅವನೆಲ್ಲಿ ನನ್ನನ್ನು ಮೀರಿಸುತ್ತಾನೋ, ಅವಳೆಲ್ಲಿ ನನ್ನದನ್ನು ಕಸಿದುಕೊಳ್ಳುತ್ತಾಳೋ ಎಂಬ ಅಂಜಿಕೆ.

ಪೊಲೀಸ್ ಠಾಣೆಯ ಕಾಗದಗಳಲ್ಲಿ, ಪತ್ರಿಕೆಗಳಲ್ಲಿ ‘ಹಳೇ ವೈಷಮ್ಯ’ ಎಂಬ ಮಾತನ್ನು ಓದಿರುತ್ತೀರಿ. ವೈಷಮ್ಯ ಎಂದರೆ ವಿಷ ಎಂದು ಬಹಳ ಮಂದಿ ತಿಳಿದಿದ್ದಾರೆ. ಹಾಗಲ್ಲ. ಅದು ‘ವಿಷಮ’ದಿಂದ ಬಂದದ್ದು. ಸಮ ಇಲ್ಲದ್ದು ವಿಷಮ. ಒಬ್ಬನಿಗೆ ಹೆಚ್ಚು, ಒಬ್ಬನಿಗೆ ಕಡಿಮೆ. ಒಬ್ಬ ಮಗನಿಗೆ ನೀರಾವರಿ, ಒಬ್ಬ ಮಗನಿಗೆ ಕಲ್ಲುಭೂಮಿ. ಎಲ್ಲಿ ಸಮ ತಪ್ಪುತ್ತದೆಯೋ ಅಲ್ಲಿ ವೈಷಮ್ಯದ ಬೀಜ ಬೀಳುತ್ತದೆ.

ನಮ್ಮ ಭಾಗ 1948ರವರೆಗೆ ನಿಜಾಮರ ಆಡಳಿತದಲ್ಲಿತ್ತು. ಹಾಗಾಗಿ ಪಾರಸಿ, ಅರಬ್ಬಿ ಮಾತುಗಳು ಉರ್ದುವಿನ ಮೂಲಕ ನಮ್ಮ ಆಡುಮಾತಿನಲ್ಲಿ ನೆಲೆಸಿವೆ. ‘ದುಷ್ಮನ್’ ಪಾರಸಿಯ ಮಾತು. ‘ದುಷ್’ ಎಂದರೆ ಕೆಟ್ಟ, ‘ಮನ್’ ಎಂದರೆ ಮನಸ್ಸು. ಸಂಸ್ಕೃತದ ‘ದುರ್ಮನಸ್’ ಇದರ ಸೋದರ. ಆ ಯುವಕ ತನ್ನ ಕಾಕಾನ ಮಗನನ್ನು ದುಷ್ಮನ್ ಎಂದ. ಆದರೆ ಮಾತಿನ ಅರ್ಥ ಹಿಡಿದು ನೋಡಿದರೆ, ಯಾರ ಮನಸ್ಸು ಕೆಟ್ಟಿದೆಯೋ ಅವನೇ ದುಷ್ಮನ್. ಹಗೆ ಇಟ್ಟುಕೊಂಡವನ ಮನಸ್ಸು ಮೊದಲು ಕೆಡುತ್ತದೆ. ‘ನಫರತ್’ ಅರಬ್ಬಿಯ ಮಾತು. ಬೆದರಿದ ದನ ಹಗ್ಗ ಹರಿದು ಓಡುತ್ತದಲ್ಲ, ಆ ಬೆದರಿ ದೂರ ಓಡುವ ಅರ್ಥವೇ ಅದರ ಬೇರಿನಲ್ಲಿದೆ.

ಒಡೆಯುವುದು, ಅಂಜುವುದು, ಸಮ ತಪ್ಪುವುದು, ಮನಸ್ಸು ಕೆಡುವುದು, ದೂರ ಓಡುವುದು. ನೋಡಿ, ನಮ್ಮ ಹಿರಿಯರು ಎಷ್ಟು ಅನುಭವವನ್ನು ಒಂದೊಂದು ಮಾತಿನಲ್ಲಿ ಕಟ್ಟಿಟ್ಟಿದ್ದಾರೆ!

ಇನ್ನೊಂದು ಮಾತಿದೆ. ಅದು ನಮ್ಮ ಜೋಳದ ನಾಡಿನವರಿಗೆ ಚೆನ್ನಾಗಿ ಗೊತ್ತು. ಕಾಳು ತುಂಬಿಡುವ ನೆಲದೊಳಗಿನ ಗುಂಡಿಗೂ ನಾವು ‘ಹಗೆ’ ಅಥವಾ ‘ಹಗೇವು’ ಎನ್ನುತ್ತೇವೆ. ಈ ಎರಡೂ ‘ಹಗೆ’ ಒಂದೇ ಬೇರಿನವು ಎಂದು ನಾನು ಹೇಳುತ್ತಿಲ್ಲ. ಕಿವಿಗೆ ಮಾತ್ರ ಅವು ಒಂದೇ. ಆದರೂ ಈ ಹಗೇವು ನನಗೆ ಆ ಹಗೆಯ ಬಗ್ಗೆ ಪಾಠ ಕಲಿಸಿದೆ.

ಇಂದಿನ ಮಕ್ಕಳು ಹಗೇವನ್ನು ನೋಡಿರಲಿಕ್ಕಿಲ್ಲ. ಈಗ ಚೀಲ ಬಂದಿವೆ, ಗೋದಾಮು ಬಂದಿವೆ. ಹಿಂದೆ ಊರಲ್ಲಿ ನೀರು ನಿಲ್ಲದ ಎತ್ತರದ ಜಾಗ ನೋಡಿ ನೆಲ ಅಗೆಯುತ್ತಿದ್ದರು. ಬಾಯಿ ಚಿಕ್ಕದು, ಒಳಗೆ ಕೊಡದ ಹಾಗೆ ಅಗಲ. ಒಳಗೆ ಸುತ್ತಲೂ ಒಣಹುಲ್ಲು, ಕಣಿಕಿ ಹಾಸಿ ಜೋಳ ತುಂಬಿ, ಬಾಯಿಗೆ ಚಪ್ಪಡಿ ಕಲ್ಲು ಮುಚ್ಚಿ, ಮೇಲೆ ಮಣ್ಣು ಮೆತ್ತುತ್ತಿದ್ದರು. ಬರಗಾಲ ಬಂದಾಗ ಅದೇ ಜೀವ ಉಳಿಸುತ್ತಿತ್ತು. ಆದರೆ ತೆರೆಯುವಾಗ ಎಚ್ಚರ ಬೇಕು. ಮುಚ್ಚಿಟ್ಟ ಕಾಳು ಒಳಗೇ ಉಸಿರಾಡುತ್ತದೆ. ಗಾಳಿಯಲ್ಲಿರುವ ಆಮ್ಲಜನಕವನ್ನು ತಾನೇ ತೀರಿಸುತ್ತದೆ, ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಅದು ಗಾಳಿಗಿಂತ ಭಾರ, ತಳದಲ್ಲಿ ಕೂತುಬಿಡುತ್ತದೆ. ಅದರಿಂದಲೇ ಹುಳ ಸಾಯುತ್ತವೆ, ಕಾಳು ಉಳಿಯುತ್ತದೆ. ಆದರೆ ಅವಸರದಿಂದ ಇಳಿದ ಮನುಷ್ಯನೂ ಸಾಯುತ್ತಾನೆ. ಅವನನ್ನು ಎತ್ತಲು ಇಳಿದವನೂ ಸಾಯುತ್ತಾನೆ. ಬಣ್ಣವಿಲ್ಲ, ವಾಸನೆಯಿಲ್ಲ, ಮೇಲಿನಿಂದ ಏನೂ ಕಾಣುವುದಿಲ್ಲ. ಅದಕ್ಕೇ ಹಿರಿಯರು ಬಾಯಿ ತೆರೆದು ಬಹಳ ಹೊತ್ತು ಗಾಳಿ ಆಡಲು ಬಿಡುತ್ತಿದ್ದರು. ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯುವಂತಿಲ್ಲ.

ಈಗ ನನ್ನ ಕಥೆ ಹೇಳುತ್ತೇನೆ. ಪಾಪನಿವೇದನೆ ಕೇಳುವವನೂ ಪಾಪನಿವೇದನೆ ಮಾಡಬೇಕಾದವನೇ.

ನಾನು ಹುಟ್ಟಿದ್ದು ಜೇವರ್ಗಿ ತಾಲೂಕಿನ ಹಳ್ಳಿಯಲ್ಲಿ. ನನಗೆ ಎಂಟೋ ಒಂಬತ್ತೋ ವರ್ಷ. ಓಣಿಯಲ್ಲಿ ಹಗೇವು ತೆರೆದಿದ್ದರು. ಕಂದೀಲು ಇಳಿಸಿದರು, ಆರಿತು. ಹಿರಿಯರು ಮಾತಾಡುತ್ತ ಪಕ್ಕಕ್ಕೆ ಹೋದರು. ನಾನು ಒಳಗೆ ಏನಿದೆ ನೋಡೋಣ ಎಂದು ಅಂಚಿಗೆ ಹೋಗಿ ಕಾಲು ಇಳಿಬಿಟ್ಟೆ. ನನ್ನ ಅಣ್ಣ ಓಡಿಬಂದು ಅಂಗಿ ಹಿಡಿದು ಹಿಂದಕ್ಕೆ ಜಗ್ಗಿದ. ಅಂಗಿ ಹರಿಯಿತು, ಮೊಣಕೈ ಕೆತ್ತಿತು, ಮೇಲೆ ಅವನಿಂದ ಎರಡು ಏಟು ಬಿದ್ದವು.

ನಾನು ಗುರುಮಠ ಸೇರಿದೆ, ಗುರುವಾದೆ. ಅಪ್ಪ ತೀರಿಹೋದ ಮೇಲೆ ಅಣ್ಣ ಎರಡು ಎಕರೆ ಎರೆ ಹೊಲವನ್ನು ನನಗೆ ಒಂದು ಮಾತೂ ಹೇಳದೆ ಮಾರಿದ. ಆ ಹೊಲದಿಂದ ನನಗೆ ಆಗಬೇಕಾದದ್ದೇನೂ ಇರಲಿಲ್ಲ. ಆದರೂ ನನ್ನನ್ನು ಕೇಳಲಿಲ್ಲವಲ್ಲ ಎಂಬುದು ಮನಸ್ಸಿನಲ್ಲಿ ಕೂತಿತು. ನಾನು ಜಗಳ ಮಾಡಲಿಲ್ಲ. ಕಲ್ಲು ಮುಚ್ಚಿ ಮಣ್ಣು ಮೆತ್ತಿದೆ. ಆರು ವರ್ಷ ಆ ಮನೆಯ ಹೊಸ್ತಿಲು ತುಳಿಯಲಿಲ್ಲ. ಊರಿಗೆ ಹೋದರೆ ಅಕ್ಕನ ಮನೆಯಲ್ಲಿ ಇಳಿದು ಬರುತ್ತಿದ್ದೆ. ಅವ್ವ ಅಲ್ಲಿಗೇ ಬಂದು ನನ್ನನ್ನು ನೋಡಿ ಹೋಗುತ್ತಿದ್ದಳು. ಆ ಆರು ವರ್ಷವೂ ಪ್ರತಿದಿನ ಪೂಜೆ ಅರ್ಪಿಸಿದ್ದೇನೆ. ಪ್ರಭು ಕಲಿಸಿದ ಪ್ರಾರ್ಥನೆಯಲ್ಲಿ ಕ್ಷಮೆಯ ಮಾತು ಬಂದಾಗ ನನ್ನ ನಾಲಿಗೆ ಹೇಳುತ್ತಿತ್ತು, ಮನಸ್ಸು ಬೇರೆ ಎಲ್ಲೋ ಇರುತ್ತಿತ್ತು. ಅಫಜಲಪುರದ ಅಜ್ಜಿಯ ಮಾತು ಕೇಳಿದ ರಾತ್ರಿ ನಿದ್ದೆ ಬರಲಿಲ್ಲ ಎಂದೆನಲ್ಲ, ಕಾರಣ ಇದು. ನಮ್ಮ ಮನೆಯ ಹಗೆಯೂ ಹೀಗೇ ಕಾರಣ ಮರೆತು ಮೊಮ್ಮಕ್ಕಳವರೆಗೆ ಹೋದರೆ?

ಮರುವಾರ ಅಕ್ಕನ ಮನೆಗೆ ಹೋದೆ. ಅವ್ವ ಬಂದಳು. ಬಹಳ ಹೊತ್ತು ಸುಮ್ಮನಿದ್ದು ಒಂದೇ ಮಾತು ಕೇಳಿದಳು: “ಹಗೇವದಾಗ ಇಳ್ಯಾಕ ಹೋದಾಗ ನಿನ್ನ ಅಂಗಿ ಹಿಡಿದು ಜಗ್ಗಿದಾಂವ ಯಾರಪಾ?”

ನಾನು ಎದ್ದು ಅಣ್ಣನ ಮನೆಗೆ ಹೋದೆ. ಅವನು ಹೊರಸಿನ ಮೇಲೆ ಕೂತಿದ್ದ. “ಬಾ” ಎಂದ, ಅಷ್ಟೇ. ವೈನಿ ರೊಟ್ಟಿ, ಶೇಂಗಾ ಹಿಂಡಿ ತಂದಿಟ್ಟರು. ಮೊದಲು ಮಳೆಯ ಮಾತು, ತೊಗರಿಯ ರೇಟಿನ ಮಾತು. ಕೊನೆಗೆ ನಾನು, “ಅಣ್ಣಾ, ಹೊಲ ಮಾರೂವಾಗ ನನಗ ಒಂದು ಮಾತು ಕೇಳಲಿಲ್ಲ ನೀ. ಭಾಳ ನೋವಾಗ್ಯಾದ” ಎಂದೆ. ಅವನು ತಪ್ಪಾಯಿತು ಎನ್ನಲಿಲ್ಲ. “ನೀ ಸ್ವಾಮಿ ಆದಿ. ನಿನಗ್ಯಾಕ ಹೊಲ ಅಂತ ತಿಳಕೊಂಡೆ” ಎಂದ. ನಿಜ ಹೇಳುತ್ತೇನೆ, ಆ ಮಾತಿಗೆ ನನಗೆ ಮತ್ತೆ ಸಿಟ್ಟು ಬಂತು. ಆದರೆ ಆರು ವರ್ಷದ ಮೇಲೆ ಬಾಯಿ ತೆರೆದಿತ್ತು, ಗಾಳಿ ಆಡಿತ್ತು. ಹೊಲ ಹೋದದ್ದು ಹೋಯಿತು. ಈಗಲೂ ನಮ್ಮಿಬ್ಬರ ಮಾತು ಮೊದಲಿನಷ್ಟು ಸಲೀಸಾಗಿಲ್ಲ. ಆದರೆ ಅವ್ವ ನನ್ನನ್ನು ನೋಡಲು ಈಗ ಇನ್ನೊಬ್ಬರ ಮನೆಗೆ ಹೋಗಬೇಕಾಗಿಲ್ಲ.

ಪ್ರಿಯರೇ, ಪವಿತ್ರ ಗ್ರಂಥದಲ್ಲೂ ಇಂಥದೇ ಒಂದು ಗುಂಡಿಯ ಕಥೆಯಿದೆ. ಆದಿಕಾಂಡದ 37ನೆಯ ಅಧ್ಯಾಯ ಓದಿ. ಯಕೋಬ ತನ್ನ ಮಕ್ಕಳಲ್ಲಿ ಯೋಸೇಫನನ್ನು ಹೆಚ್ಚು ಪ್ರೀತಿಸಿ ಅವನಿಗೊಬ್ಬನಿಗೇ ವಿಶೇಷ ಅಂಗಿ ಹೊಲಿಸಿದ. ಸಮ ತಪ್ಪಿತು, ಅಣ್ಣಂದಿರಿಗೆ ಹಗೆ ಹುಟ್ಟಿತು. ಅವರು ಅವನೊಂದಿಗೆ ನೆಟ್ಟಗೆ ಮಾತಾಡುವುದನ್ನೂ ಬಿಟ್ಟರು. ಮಾತು ನಿಂತ ಮೇಲೆ ಕೊನೆಗೆ ಅವನನ್ನು ನೀರಿಲ್ಲದ ಗುಂಡಿಗೆ ಹಾಕಿದರು. ಹಾಕಿ, ಊಟಕ್ಕೆ ಕೂತರು. ವರ್ಷಗಳು ಕಳೆದವು. ಅದೇ ಯೋಸೇಫ ಈಜಿಪ್ಟಿನಲ್ಲಿ ಏಳು ಸುಗ್ಗಿಗಳ ಕಾಳು ಕೂಡಿಟ್ಟು, ಬರ ಬಂದಾಗ ಕಣಜಗಳ ಬಾಯಿ ತೆರೆಸಿದ. ಹಸಿದು ಬಂದ ಅಣ್ಣಂದಿರಿಗೂ ಅಳೆದು ಕೊಟ್ಟ. ಅವರು ಗುಂಡಿಯಲ್ಲಿ ಹಗೆಯನ್ನು ತುಂಬಿದ್ದರು. ಅವನು ಕಾಳು ತುಂಬಿದ್ದ. ನಾವು ನಮ್ಮ ಮನೆಯ ಹಗೇವಿನಲ್ಲಿ ಮಕ್ಕಳಿಗಾಗಿ ಏನು ತುಂಬಿಡುತ್ತಿದ್ದೇವೆ?

ಧರ್ಮೋಪದೇಶದ ತರಗತಿಯಲ್ಲಿ ಮಕ್ಕಳು ಒಂದು ಪ್ರಶ್ನೆ ಕೇಳುತ್ತಾರೆ: “ಫಾದರ್, ತಂದೆತಾಯಿಯನ್ನು ಹಗೆ ಮಾಡದವನು ನನ್ನ ಶಿಷ್ಯನಾಗಲಾರ ಎಂಬ ಅರ್ಥದಲ್ಲಿ ಯೇಸುಸ್ವಾಮಿ ಹೇಳಿದ್ದಾರಲ್ಲ?” ಸಂತ ಲೂಕರ 14ನೆಯ ಅಧ್ಯಾಯದ ಮಾತು ಅದು. ಇಲ್ಲೂ ಪದದ ಮೂಲ ತಿಳಿದರೆ ಗೊಂದಲ ತೀರುತ್ತದೆ. ಯೆಹೂದ್ಯರ ಹೀಬ್ರೂ ಭಾಷೆಯಲ್ಲಿ ‘ಸಾನೇ’ ಎಂಬ ಪದಕ್ಕೆ ಕಡು ಹಗೆ ಎಂಬ ಅರ್ಥವೂ ಉಂಟು, ಇನ್ನೊಬ್ಬರಿಗಿಂತ ಕಡಿಮೆ ಪ್ರೀತಿಸುವುದು ಎಂಬ ಅರ್ಥವೂ ಉಂಟು. ಆದಿಕಾಂಡದ 29ನೆಯ ಅಧ್ಯಾಯದಲ್ಲಿ, ಯಕೋಬನಿಗೆ ಲೇಯಳಿಗಿಂತ ರಾಖೇಲಳ ಮೇಲೆ ಹೆಚ್ಚು ಪ್ರೀತಿ ಎಂದು ಹೇಳಿ, ಮರು ವಚನದಲ್ಲೇ ಲೇಯಳಿಗೆ ಈ ಪದ ಬಳಸಲಾಗಿದೆ. ಸಂತ ಮತ್ತಾಯರು 10ನೆಯ ಅಧ್ಯಾಯದಲ್ಲಿ ಪ್ರಭುವಿನ ಅದೇ ಬೋಧನೆಯನ್ನು, ನನಗಿಂತ ಹೆಚ್ಚಾಗಿ ಅವರನ್ನು ಪ್ರೀತಿಸುವವನು ಎಂಬ ಅರ್ಥದಲ್ಲಿ ಬಿಡಿಸಿ ಬರೆದಿದ್ದಾರೆ. ದೇವರಿಗೆ ಮೊದಲ ಸ್ಥಾನ ಕೊಡು ಎಂಬುದೇ ತಾತ್ಪರ್ಯ. ಶತ್ರುವನ್ನು ಹಗೆಮಾಡು ಎಂಬ ಆಜ್ಞೆ ಹಳೆಯ ಒಡಂಬಡಿಕೆಯಲ್ಲಿ ಕೂಡ ಎಲ್ಲೂ ಇಲ್ಲ. ಬದಲಿಗೆ ವಿಮೋಚನಾಕಾಂಡದ 23ನೆಯ ಅಧ್ಯಾಯ ಏನು ಹೇಳುತ್ತದೆ? ಶತ್ರುವಿನ ಎತ್ತು ದಾರಿ ತಪ್ಪಿದ್ದರೆ ಹೊಡೆದುಕೊಂಡು ಹೋಗಿ ಅವನಿಗೆ ಒಪ್ಪಿಸಬೇಕು. ಹಗೆಯವನ ಕತ್ತೆ ಹೊರೆ ಹೊತ್ತು ಬಿದ್ದಿದ್ದರೆ ಎಬ್ಬಿಸಲು ಕೈಜೋಡಿಸಬೇಕು. ಒಕ್ಕಲುತನದವರಿಗೆ ಇದಕ್ಕಿಂತ ಸುಲಭವಾಗಿ ಹೇಳಲು ಸಾಧ್ಯವೇ?

ನಮ್ಮ ನೆಲದತ್ತ ಒಮ್ಮೆ ನೋಡಿ. ಭೀಮಾ ತೀರ ಎಂದರೆ ಪತ್ರಿಕೆ ಓದುವವರಿಗೆ ಸೇಡಿನ ನೆಲ ಎಂಬ ಭಾವನೆ ಬಂದುಬಿಟ್ಟಿದೆ. 2012ರಲ್ಲಿ ಅದೇ ಹೆಸರು ಹಿಡಿದು ‘ಭೀಮಾ ತೀರದಲ್ಲಿ’ ಎಂಬ ಸಿನಿಮಾವೂ ಬಂತು. ಆಳಂದದ ಲಾಡ್ಲೆ ಮಶಾಯಕ್ ದರ್ಗಾದ ಆವರಣದಲ್ಲೇ ರಾಘವ ಚೈತನ್ಯ ಶಿವಲಿಂಗವೂ ಇದೆ. 2022ರ ಶಿವರಾತ್ರಿಯಂದು ಅಲ್ಲಿ ಕಲ್ಲು ತೂರಾಟವಾದದ್ದು ನಮಗೆಲ್ಲ ನೆನಪಿದೆ. ಯಾರ ತಪ್ಪು ಎಂದು ಹೇಳಲು ನಾನು ಇಲ್ಲಿ ನಿಂತಿಲ್ಲ. ಬೀದಿಯಲ್ಲಿ ಕಲ್ಲು ಎತ್ತುವ ಕೈ ಮೊದಲು ಮನೆಯಲ್ಲಿ ಮಾತು ಕೇಳಿರುತ್ತದೆ ಎಂಬುದಷ್ಟನ್ನೇ ನೆನಪಿಸುತ್ತೇನೆ. ಊಟಕ್ಕೆ ಕೂತಾಗ ನಾವು ನೆರೆಯವರ ಬಗ್ಗೆ, ಬೇರೆ ಜಾತಿ ಧರ್ಮದವರ ಬಗ್ಗೆ ಆಡುವ ಮಾತು ಮಕ್ಕಳ ಕಿವಿಗೆ ಬೀಳುತ್ತಿರುತ್ತದೆ. ಆದರೆ ನದಿಗಳನ್ನು ನೋಡಿ. ಆಳಂದದ ಅಮರ್ಜಾ ಹರಿದು ಬಂದು ಅಫಜಲಪುರ ತಾಲೂಕಿನ ಗಾಣಗಾಪುರದಲ್ಲಿ ಭೀಮೆಯನ್ನು ಕೂಡುತ್ತದೆ. ಆ ಕೂಡಿದ ನೀರೇ ಮುಂದೆ ಜೇವರ್ಗಿಯ ಹೊಲಗಳ ಪಕ್ಕದಲ್ಲಿ ಹರಿಯುತ್ತದೆ. ನಮ್ಮ ಮೂರೂ ತಾಲೂಕುಗಳನ್ನು ನೀರು ಕೂಡಿಸಿದೆ. ಒಡೆದವರು ನಾವು.

ಹಾಗಾದರೆ ಏನು ಮಾಡಬೇಕು? ಹಗೇವು ತೆರೆದ ಹಿರಿಯರ ಕ್ರಮವನ್ನೇ ಅನುಸರಿಸೋಣ.

ಮೊದಲನೆಯದಾಗಿ, ಬಾಯಿ ತೆರೆಯಿರಿ. ಯಾಜಕಕಾಂಡದ 19ನೆಯ ಅಧ್ಯಾಯವು ಸಹೋದರನನ್ನು ಮನಸ್ಸಿನಲ್ಲಿ ಹಗೆಮಾಡಬೇಡ ಎನ್ನುತ್ತದೆ, ಅದರ ಬೆನ್ನಿಗೇ ಅವನ ತಪ್ಪನ್ನು ಅವನಿಗೇ ತಿಳಿಸಿ ಹೇಳು ಎನ್ನುತ್ತದೆ. ಸುಮ್ಮನೆ ನುಂಗಿಕೊಂಡಿರುವುದು ಕ್ಷಮೆಯಲ್ಲ. ಮನೆಯಲ್ಲಿ ಏಟು ತಿನ್ನುವ ಹೆಣ್ಣುಮಗಳಿಗೆ, ಕೂಲಿ ಕೊಡದೆ ಮೋಸಹೋದ ಬಡವನಿಗೆ ಸಹಿಸಿಕೊಂಡಿರು ಎಂದು ನಾನು ಹೇಳುತ್ತಿಲ್ಲ. ಅನ್ಯಾಯವನ್ನು ಅನ್ಯಾಯವೆನ್ನಿ, ನ್ಯಾಯ ಕೇಳಿ, ಸಹಾಯ ಪಡೆಯಿರಿ. ಹಗೆಯಿಲ್ಲದೆಯೂ ನ್ಯಾಯ ಕೇಳಬಹುದು.

ಎರಡನೆಯದಾಗಿ, ಗಾಳಿ ಆಡಲು ಬಿಡಿ. ಸಿಟ್ಟಿನ ಭರದಲ್ಲಿ ಇಳಿಯಬೇಡಿ. ಒಂದೇ ದಿನದಲ್ಲಿ ಎಲ್ಲ ಸರಿಹೋಗುತ್ತದೆ ಎಂದೂ ತಿಳಿಯಬೇಡಿ. ಮೊದಲು ಮಳೆಯ ಮಾತಾಡಿದರೂ ಸಾಕು.

ಮೂರನೆಯದಾಗಿ, ದೀಪ ಇಳಿಸಿ, ಒಬ್ಬರೇ ಇಳಿಯಬೇಡಿ. ಹಗೇವಿಗೆ ಇಳಿಯುವವನ ಹಗ್ಗವನ್ನು ಮೇಲೆ ನಾಲ್ವರು ಹಿಡಿದಿರುತ್ತಿದ್ದರು. ಪ್ರಾರ್ಥನೆ ನಮ್ಮ ದೀಪ. ಹಿರಿಯರು, ನೆರೆಯವರು, ನಿಮ್ಮ ಗುರು ನಮ್ಮ ಹಗ್ಗ.

ಇಂದಿನ ಹಬ್ಬದ ಶುಭಸಂದೇಶ ಏನು? ಕಲ್ಲು ಮುಚ್ಚಿದ ಸಮಾಧಿಯ ಬಾಯಿ ತೆರೆಯಿತು. ಅದೇ ಸಂಜೆ ಶಿಷ್ಯರು ಅಂಜಿಕೊಂಡು ಬಾಗಿಲು ಹಾಕಿಕೊಂಡು ಕೂತಿದ್ದರು. ಪ್ರಭು ಅವರ ನಡುವೆ ಬಂದು ನಿಂತರು. ಅವರಲ್ಲಿ ಒಬ್ಬನು ಮೂರು ಸಲ ಅಲ್ಲಗಳೆದಿದ್ದ, ಉಳಿದವರು ಓಡಿಹೋಗಿದ್ದರು. ಪ್ರಭು ಲೆಕ್ಕ ಕೇಳಲಿಲ್ಲ. ಶಾಂತಿಯನ್ನು ಹಾರೈಸಿದರು, ತಮ್ಮ ಗಾಯಗಳನ್ನು ತೋರಿಸಿದರು, ಪಾಪಗಳನ್ನು ಕ್ಷಮಿಸುವ ಅಧಿಕಾರ ಕೊಟ್ಟರು. ಅವರು ಗಾಯಗಳನ್ನು ಮುಚ್ಚಿಡಲಿಲ್ಲ, ಆದರೆ ಆ ಗಾಯಗಳಲ್ಲಿ ಹಗೆ ಇರಲಿಲ್ಲ.

ಸ್ವಲ್ಪ ಹೊತ್ತಿನಲ್ಲಿ ನಾವು ಒಬ್ಬರಿಗೊಬ್ಬರು ಶಾಂತಿ ಹಾರೈಸುತ್ತೇವೆ. ಪಕ್ಕದಲ್ಲಿ ಇರುವವರಿಗೆ ಕೈಮುಗಿಯುವುದು ಸುಲಭ. ಇಂದು ಈ ದೇವಾಲಯದಲ್ಲೇ ನಿಮ್ಮಿಂದ ನಾಲ್ಕು ಸಾಲು ಆಚೆ, ಬೇಕೆಂದೇ ದೂರ ಕೂತವರು ಇರಬಹುದು. ಅವರತ್ತ ಒಮ್ಮೆ ತಿರುಗಿ ಕೈಮುಗಿಯಿರಿ. ಇಲ್ಲಿ ಇಲ್ಲದವರಾದರೆ, ಮುಂದಿನ ಭಾನುವಾರದೊಳಗೆ ಒಮ್ಮೆ ಅವರ ಮನೆಯ ಬಾಗಿಲಿಗೆ ಹೋಗಿ ಬನ್ನಿ. ಹಬ್ಬದ ಅಡುಗೆಯಲ್ಲಿ ಒಂದು ಡಬ್ಬಿ ಒಯ್ಯಿರಿ. ಅವರು ತೆಗೆದುಕೊಳ್ಳದಿದ್ದರೂ ನೀವು ಕಲ್ಲು ಸರಿಸಿದ ಹಾಗಾಯಿತು.

ಪುನರುತ್ಥಾನರಾದ ಪ್ರಭು ಯೇಸುಕ್ರಿಸ್ತರು ನಮ್ಮ ಮನೆಗಳ ಮುಚ್ಚಿದ ಬಾಯಿಗಳನ್ನು ತೆರೆಯಲಿ, ಒಡೆದದ್ದನ್ನು ಕೂಡಿಸಲಿ. ನಿಮ್ಮನ್ನೂ ನಿಮ್ಮ ಮಕ್ಕಳನ್ನೂ ನಿಮ್ಮ ಹೊಲಮನೆಗಳನ್ನೂ ಆಶೀರ್ವದಿಸಲಿ. ಆಮೆನ್.